ಅಗಲ ಕೇಳಿದರೆ ಉದ್ದ ಕೊಡುತ್ತಾರೆ

ತುಮಕೂರಿನ ಯಾವ ಶೂ ಅಂಗಡಿಗೆ ಹೋದರೂ ಒಂದು ಮಾತು ಗ್ಯಾರಂಟಿ. ಶೂ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು, “ಪಕ್ಕಕ್ಕೆ ಒತ್ತುತ್ತೆ, ಕಿರುಬೆರಳ ಹತ್ರ” ಅಂದರೆ ಸಾಕು, ಹುಡುಗ ಆಗಲೇ ಎದ್ದಿರುತ್ತಾನೆ. “ಒಂದು ನಂಬರ್ ದೊಡ್ಡದು ಕೊಡ್ತೀನಿ ಇರಿ ಮೇಡಂ.” ನಾನು ಹೇಳಿದ್ದು ಅಗಲದ ಮಾತು. ಅವನು ತರುವುದು ಉದ್ದದ ಶೂ. ರವಿಕೆಯ ತೋಳು ಬಿಗಿ ಅಂದರೆ ಯಾವ ಟೈಲರೂ ರವಿಕೆಯನ್ನು ಉದ್ದ ಮಾಡಿ ಕೊಡುವುದಿಲ್ಲ. ಶೂ ವಿಷಯದಲ್ಲಿ ಮಾತ್ರ ಇದು ಎಲ್ಲರಿಗೂ ಸರಿ ಅನಿಸಿಬಿಟ್ಟಿದೆ. ಅಂಗಡಿಯವರಿಗಷ್ಟೇ ಅಲ್ಲ, ನಮಗೂ. ಮನೆಯಲ್ಲಿ ಯಾರಿಗೆ ಹೊಸ ಶೂ ತಂದರೂ “ಸ್ವಲ್ಪ ದೊಡ್ಡದೇ ಇರ್ಲಿ, ಆರಾಮಾಗಿರುತ್ತೆ” ಅನ್ನುವ ಮಾತು ಬಂದೇ ಬರುತ್ತದೆ.

ರಸ್ತೆಯ ಮೇಲೆ ಓಡುವಾಗ ಇದು ಅಷ್ಟು ಕಾಡುವುದಿಲ್ಲ. ಅಮಾನಿಕೆರೆಯ ಹತ್ತಿರ ಬೆಳಗ್ಗೆ ಓಡುವವರ ಕಾಲಲ್ಲಿ ಎಲ್ಲ ಥರದ ಶೂಗಳನ್ನೂ ನೋಡಬಹುದು. ಬಿಳಿ ಕ್ಯಾನ್ವಾಸ್, ಮಕ್ಕಳ ಹಳೆ ಸ್ಕೂಲ್ ಶೂ, ಚಪ್ಪಲಿ ಕೂಡ. ಸಪಾಟು ನೆಲದಲ್ಲಿ ಪಾದ ಒಂದೇ ರೀತಿ ಬೀಳುತ್ತದೆ, ಒಂದೇ ರೀತಿ ಏಳುತ್ತದೆ. ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ನಡೆದುಹೋಗುತ್ತದೆ. ಆದರೆ ಬೆಟ್ಟ ಓಡುವುದಕ್ಕೆ ಅಂತ ದೇವರಾಯನದುರ್ಗಕ್ಕೋ ಸಿದ್ಧರಬೆಟ್ಟಕ್ಕೋ ಮಧುಗಿರಿಗೋ ಹೋದರೆ ಶೂ ಬಣ್ಣ ಬಯಲಾಗುತ್ತದೆ. ಅದೂ ಹತ್ತುವಾಗ ಅಲ್ಲ, ಇಳಿಯುವಾಗ.

ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರವೆಲ್ಲ ಪಾದವನ್ನು ಶೂ ಒಳಗೆ ಮುಂದಕ್ಕೆ ತಳ್ಳುತ್ತದೆ. ಹಿಮ್ಮಡಿಯನ್ನು ಶೂ ಗಟ್ಟಿಯಾಗಿ ಹಿಡಿದುಕೊಂಡಿರದಿದ್ದರೆ ಬೆರಳು ಹೋಗಿ ಮೂತಿಗೆ ಗುದ್ದುತ್ತವೆ. ಮತ್ತೆ ಮತ್ತೆ ಗುದ್ದಿದರೆ ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟುತ್ತದೆ. ಉಗುರು ಕಪ್ಪಾಗುತ್ತದೆ, ಕೆಲವು ವಾರಗಳಲ್ಲಿ ಬಿದ್ದೂ ಹೋಗಬಹುದು. ಓಡುವವರಲ್ಲಿ ಕೆಲವರು ಈ ಕಪ್ಪು ಉಗುರನ್ನು ಮೆಡಲ್ ಥರ ತೋರಿಸುತ್ತಾರೆ. ನನಗೆ ಅದು ಅರ್ಥವಾಗಿಲ್ಲ. ಅದು ಶೂ ಹೊಂದುತ್ತಿಲ್ಲ ಅನ್ನುವುದಕ್ಕೆ ಸಾಕ್ಷಿ, ಅಷ್ಟೇ. ಇನ್ನು ಅಗಲ ಪಾದದವರಿಗೆ ಎರಡನೇ ತೊಂದರೆಯೂ ಇದೆ. ಶೂ ಮೂತಿ ಚೂಪಾಗಿದ್ದರೆ ಹೆಬ್ಬೆರಳು ಒಳಕ್ಕೆ ಬಾಗುತ್ತದೆ, ಕಿರುಬೆರಳು ಪಕ್ಕದ ಬೆರಳಿನ ಕೆಳಗೆ ಹೋಗಿ ಕೂರುತ್ತದೆ. ಬೆವರು, ಉಜ್ಜಾಟ, ಆಮೇಲೆ ಬೊಬ್ಬೆ. ಅಲ್ಲೇ ವರ್ಷಗಟ್ಟಲೆ ಒತ್ತುತ್ತಿದ್ದರೆ ಆಣಿ.

ಇದಕ್ಕೆ “ಒಂದು ನಂಬರ್ ದೊಡ್ಡದು” ಯಾಕೆ ಪರಿಹಾರ ಅಲ್ಲ ಅಂತ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ನಾವು ಬಳಸುವ ಯುಕೆ ನಂಬರಿನಲ್ಲಿ ಒಂದು ನಂಬರ್ ಅಂದರೆ ಒಂದು ಇಂಚಿನ ಮೂರನೇ ಒಂದು ಭಾಗ, ಹತ್ತಿರ ಹತ್ತಿರ 8.5 ಮಿಲಿಮೀಟರ್ ಉದ್ದ. ಅದರ ಜೊತೆ ಅಗಲ ಬೆಳೆಯುವುದು ಎರಡೋ ಮೂರೋ ಮಿಲಿಮೀಟರ್ ಮಾತ್ರ. ಅಂದರೆ ಬೇಕಾಗಿದ್ದು ಚೂರು ಸಿಗುತ್ತದೆ, ಬೇಡದ್ದು ಧಾರಾಳವಾಗಿ ಸಿಗುತ್ತದೆ. ಹಿಮ್ಮಡಿ ಸಡಿಲವಾಗುತ್ತದೆ, ಪಾದ ಇನ್ನೂ ಜಾಸ್ತಿ ಜಾರುತ್ತದೆ. ಶೂ ಬಗ್ಗುವ ಜಾಗ ಒಂದು ಕಡೆ, ಪಾದ ಬಗ್ಗುವ ಜಾಗ ಇನ್ನೊಂದು ಕಡೆ. ಬಂಡೆಯಲ್ಲಿ ಎರಡು ಬೆರಳಗಲದ ಗೂಡಿಗೆ ಕಾಲು ಇಡಬೇಕಾದಾಗ ಬೆರಳ ಮುಂದೆ ಅರ್ಧ ಇಂಚು ಖಾಲಿ ಶೂ ಇರುತ್ತದೆ. ಎಡವುವುದು ಆ ಖಾಲಿ ಜಾಗದಿಂದಲೇ.

ಅಳತೆಯ ಪಟ್ಟಿ ಅಲ್ಲೇ ಇತ್ತು

ಪೇಟೆಯ ಒಂದು ದೊಡ್ಡ ಅಂಗಡಿ. ಹೆಸರು ಬೇಡ. ಗೋಡೆ ತುಂಬ ಲೈಟು, ಕನ್ನಡಿ, ಒಂದೊಂದು ಶೂಗೂ ಒಂದೊಂದು ಗಾಜಿನ ಹಲಗೆ. ಗಲ್ಲಾ ಪೆಟ್ಟಿಗೆ ಹತ್ತಿರ ಬಿಲ್ ಪುಸ್ತಕ ಹಾರಬಾರದು ಅಂತ ಅದರ ಮೇಲೆ ಒಂದು ಲೋಹದ ವಸ್ತು ಇಟ್ಟಿದ್ದರು. ನೋಡಿದ ಕೂಡಲೇ ಗುರುತು ಸಿಕ್ಕಿತು. ಬ್ರಾನ್ನಾಕ್ ಅಳತೆಪಟ್ಟಿ. ಅಮೆರಿಕದ ಸಿರಕ್ಯೂಸ್ ಊರಿನ ಶೂ ವ್ಯಾಪಾರಿಯ ಮಗ ಚಾರ್ಲ್ಸ್ ಬ್ರಾನ್ನಾಕ್ 1920ರ ದಶಕದಲ್ಲಿ ಮಾಡಿದ್ದು. ಮೂರು ಅಳತೆ ಕೊಡುತ್ತದೆ. ಹಿಮ್ಮಡಿಯಿಂದ ಬೆರಳ ತುದಿಯವರೆಗಿನ ಉದ್ದ, ಹಿಮ್ಮಡಿಯಿಂದ ಹೆಬ್ಬೆರಳ ಬುಡದ ಗಿಣ್ಣಿನವರೆಗಿನ ಉದ್ದ, ಮತ್ತೆ ಅಗಲ. ನೂರು ವರ್ಷದ ಹತ್ತಿರ ಆಯಿತು, ಇನ್ನೂ ಅದೇ ಆಕಾರದಲ್ಲಿ ಬಳಕೆಯಲ್ಲಿದೆ.

“ಇದರಲ್ಲಿ ಅಳತೆ ತಗೊಳ್ಳಿ” ಅಂದೆ. ಹುಡುಗನಿಗೆ ಆಶ್ಚರ್ಯ. ಓನರ್ ಕಡೆ ನೋಡಿದ. ಅವರು ತಲೆ ಆಡಿಸಿದರು. ಬಿಲ್ ಪುಸ್ತಕದ ಮೇಲಿಂದ ಎತ್ತಿ, ಧೂಳು ಒರೆಸಿ, ನೆಲಕ್ಕಿಟ್ಟ. ನಾನು ನಿಂತೆ. ಉದ್ದ ನೋಡಿದ. “ಆರು ನಂಬರ್ ಮೇಡಂ.” ಎತ್ತಿಕೊಂಡ.

“ಇರಪ್ಪ, ಪಕ್ಕದಲ್ಲಿ ಒಂದು ಜಾರೋ ಪಟ್ಟಿ ಇದೆಯಲ್ಲ, ಅದು?”

“ಅದು ಹಂಗೇ ಬರತ್ತೆ ಮೇಡಂ, ಇದರ ಜೊತೆಗೇ.”

ನಾನೇ ಬಗ್ಗಿ ಪಟ್ಟಿಯನ್ನು ಪಾದಕ್ಕೆ ತಾಗುವವರೆಗೆ ತಳ್ಳಿದೆ. ಅದು ಹೋಗಿ ನಿಂತ ಜಾಗದಲ್ಲಿದ್ದ, ಅಗಲ ಹೇಳುವ ಅಕ್ಷರ ಅವನಿಗೆ ತೋರಿಸಿದೆ. ಓನರ್ ಎದ್ದು ಬಂದರು. ವಯಸ್ಸಾದವರು, ಮಾತು ಮೃದು. ನೋಡಿ ನಕ್ಕರು. “ಅಮ್ಮ, ಈ ಅಕ್ಷರದ ಮಾಲು ನಮಗೆ ಕಂಪನಿಯವರು ಕಳಿಸೋದೇ ಇಲ್ಲ. ಅಳತೆ ತಗೊಂಡು ಏನು ಮಾಡೋದು ಹೇಳಿ? ಅಗಲ ಬೇಕಂದ್ರೆ ಗಂಡಸರದ್ದು ನೋಡಿ.”

ಅವರ ಮಾತಿನ ಮೊದಲ ಭಾಗಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಗದ ವಸ್ತುವಿನ ಅಳತೆ ಯಾರಿಗೆ ಬೇಕು? ಎರಡನೇ ಭಾಗದಲ್ಲಿ ನಿಜವಾಗಿಯೂ ಒಂದು ಉಪಾಯ ಇತ್ತು. ಅಮೆರಿಕದ ಲೆಕ್ಕದಲ್ಲಿ ಹೆಂಗಸರ ಸಾಮಾನ್ಯ ಅಗಲ ಬಿ, ಗಂಡಸರದ್ದು ಡಿ. ಹೆಂಗಸರಿಗೆ ಡಿ ಅಂದರೆ ‘ವೈಡ್’, ಗಂಡಸರಿಗೆ ಅದೇ ಮಾಮೂಲಿ. ಗಂಡಸರ ವೈಡ್ 2ಇ, ಅದಕ್ಕೂ ಮೇಲೆ 4ಇ. ಹಾಗಾಗಿ ನನ್ನಂಥವಳು ಗಂಡಸರ ಸಾಲಿನಲ್ಲಿ ಅದೇ ಉದ್ದದ ಜೋಡಿ ಹುಡುಕಿದರೆ ವೈಡ್ ಅಂತ ಬರೆಯದೆಯೇ ಅಗಲ ಸಿಗುತ್ತದೆ. ಸಣ್ಣ ನಂಬರ್ ಸಿಕ್ಕರೆ. ಗಂಡಸರದ್ದು ಬಹಳ ಕಡೆ ಆರರಿಂದ ಶುರು, ಅದಕ್ಕಿಂತ ಸಣ್ಣ ಪಾದದವರ ಪಾಡು ಕಷ್ಟ. ಇನ್ನೊಂದು ತೊಡಕೂ ಇದೆ. ಹೆಂಗಸರ ಪಾದ ಮುಂದೆ ಅಗಲವಿದ್ದರೂ ಹಿಮ್ಮಡಿ ಸಾಮಾನ್ಯವಾಗಿ ಸಣ್ಣದು. ಗಂಡಸರ ಶೂನಲ್ಲಿ ಮುಂದೆ ಸರಿಹೋಗುತ್ತದೆ, ಹಿಂದೆ ಹಿಮ್ಮಡಿ ಮೇಲೆ ಕೆಳಗೆ ಆಡುತ್ತದೆ. ಅದಕ್ಕೆ ಲೇಸಿನಲ್ಲಿ ಒಂದು ಮದ್ದು ಇದೆ, ಆಮೇಲೆ ಹೇಳುತ್ತೇನೆ.

ಅವತ್ತು ಏನೂ ಕೊಳ್ಳದೆ ಬಂದೆ. ಆದರೆ ‘ಅಗಲ’ ಅಂತ ಸುಮ್ನೆ ಹೇಳಿದರೆ ಸಾಲದು, ಎಲ್ಲಿ ಅಗಲ ಅಂತ ಹೇಳಬೇಕು ಅನ್ನುವುದು ಅಲ್ಲಿಂದ ತಲೆಯಲ್ಲಿ ಕೂತಿತು. ಕೆಲವರಿಗೆ ಪಾದದ ಗಿಣ್ಣುಗಳ ಹತ್ತಿರ, ಅಂದರೆ ಹೆಬ್ಬೆರಳ ಬುಡದಿಂದ ಕಿರುಬೆರಳ ಬುಡದವರೆಗೆ ಅಗಲ. ಕೆಲವರಿಗೆ ಅಲ್ಲಿ ಮಾಮೂಲಿ, ಬೆರಳುಗಳು ಮಾತ್ರ ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ. ಕೆಲವರ ಪಾದ ಅಗಲವೇ ಅಲ್ಲ, ಮೇಲ್ಭಾಗ ಎತ್ತರ. ಮೂವರೂ ಅಂಗಡಿಯಲ್ಲಿ “ಬಿಗಿ” ಅಂತಲೇ ಹೇಳುವುದು. ಮೂವರಿಗೂ ಬೇಕಾದ ಶೂ ಬೇರೆ ಬೇರೆ. ಗಿಣ್ಣಿನ ಹತ್ತಿರ ಅಗಲ ಇರುವವರಿಗೆ 2ಇ ಥರದ ವೈಡ್ ಬೇಕು. ಬೆರಳು ಹರಡಿರುವವರಿಗೆ ಮೂತಿ ದುಂಡಗಿರುವ ಶೂ ಬೇಕು, ಅದರ ಮೇಲೆ ವೈಡ್ ಅಂತ ಬರೆದಿರಬೇಕಾಗಿಲ್ಲ. ಮೇಲ್ಭಾಗ ಎತ್ತರದವರಿಗೆ ಎಷ್ಟೋ ಸಲ ಲೇಸು ಬಿಡಿಸಿ ಬೇರೆ ರೀತಿ ಪೋಣಿಸಿದರೆ ಮುಗಿಯಿತು.

ಇದನ್ನು ಪತ್ತೆ ಮಾಡುವುದು ಮನೆಯಲ್ಲೇ ಆಗುತ್ತದೆ. ಸಂಜೆ ಹೊತ್ತು ಮಾಡಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸ್ ಹಾಕಿ. ಗೋಡೆಗೆ ಹಿಮ್ಮಡಿ ತಾಗಿಸಿ ಹಾಳೆಯ ಮೇಲೆ ಪೂರ್ತಿ ಭಾರ ಬಿಟ್ಟು ನಿಲ್ಲಿ. ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಲು ಇನ್ನೊಬ್ಬರಿಗೆ ಹೇಳಿ. ನೀವೇ ಬಗ್ಗಿ ಎಳೆದರೆ ಭಾರ ಬದಲಾಗುತ್ತದೆ. ಎರಡೂ ಪಾದಕ್ಕೆ ಮಾಡಿ, ದೊಡ್ಡದರ ಲೆಕ್ಕ ಹಿಡಿಯಿರಿ. ಅಂಗಡಿಯಲ್ಲಾದರೆ ಇನ್ನೂ ಸುಲಭ. ಶೂ ಒಳಗಿನ ಮೆತ್ತೆ, ಅಂದರೆ ಇನ್‌ಸೋಲ್ ತೆಗೆದು ನೆಲಕ್ಕಿಟ್ಟು ಅದರ ಮೇಲೆ ನಿಲ್ಲಿ. ಪಾದ ಎಲ್ಲಿ ಅಂಚು ಮೀರಿ ಹೊರಗೆ ಬಂತು ಅಂತ ಕಣ್ಣಿಗೇ ಕಾಣುತ್ತದೆ. ಅಲ್ಲೇ ಶೂ ಒತ್ತುವುದು, ಅಲ್ಲೇ ಮುಂದೆ ಹರಿಯುವುದು. ಅಂಗಡಿಯವರು ಮುಖ ಸಿಂಡರಿಸಬಹುದು. ಸಿಂಡರಿಸಲಿ ಬಿಡಿ.

ಯಾರ ಪಾದ, ಯಾರ ಅಚ್ಚು

ನಮ್ಮ ದೊಡ್ಡಮ್ಮ ನನ್ನ ಕಾಲು ನೋಡಿದಾಗಲೆಲ್ಲ “ಹೊಲ ತುಳಿದ ಕಾಲು ಕಣೇ ಇದು” ಅನ್ನುತ್ತಿದ್ದರು. ನಾನು ಹೊಲ ತುಳಿದದ್ದು ಬೇಸಿಗೆ ರಜೆಯಲ್ಲಿ, ಕಡಲೆಕಾಯಿ ಕೀಳುವಾಗ, ಅಷ್ಟೇ. ಆದರೂ ಅವರ ಮಾತಿನಲ್ಲಿ ಒಂದು ಸತ್ಯ ಇತ್ತು ಅಂತ ಆಮೇಲೆ ಓದಿ ತಿಳಿಯಿತು. ಬರಿಗಾಲಲ್ಲೇ ನಡೆದು ಬೆಳೆದ ದಕ್ಷಿಣ ಭಾರತದವರ ಪಾದಗಳನ್ನು ಶೂ ಹಾಕುವ ಭಾರತೀಯರ ಮತ್ತು ಪಶ್ಚಿಮದವರ ಪಾದಗಳ ಜೊತೆ ಹೋಲಿಸಿ ಬೆಲ್ಜಿಯಂನ ಸಂಶೋಧಕರ ಒಂದು ತಂಡ 2009ರಲ್ಲಿ ಪ್ರಬಂಧ ಪ್ರಕಟಿಸಿತು. ಬರಿಗಾಲಿನವರ ಪಾದದ ಮುಂಭಾಗ ಹೆಚ್ಚು ಅಗಲ. ಪಶ್ಚಿಮದವರದ್ದು ಅದಕ್ಕೆ ಹೋಲಿಸಿದರೆ ಸಪೂರ. ಅದಕ್ಕೂ ಮುಂಚೆ, 1992ರಲ್ಲಿ, ನಮ್ಮದೇ ಮಣಿಪಾಲದ ವೈದ್ಯರಾದ ರಾವ್ ಮತ್ತು ಜೋಸೆಫ್ 2300 ಮಕ್ಕಳ ಪಾದಗಳನ್ನು ಪರೀಕ್ಷಿಸಿದ್ದರು. ಚಪ್ಪಟೆ ಪಾದ ಶೂ ಹಾಕುವ ಮಕ್ಕಳಲ್ಲಿ ಜಾಸ್ತಿ, ಬರಿಗಾಲಿನ ಮಕ್ಕಳಲ್ಲಿ ಕಡಿಮೆ ಕಂಡಿತು. ಬೆರಳು ಮುಚ್ಚುವ ಶೂಗಳದ್ದೇ ದೊಡ್ಡ ಪಾಲು, ಚಪ್ಪಲಿ ಸ್ಯಾಂಡಲ್‌ನದ್ದು ಅಷ್ಟಿಲ್ಲ. ಜೂನ್ ಬಂತು ಅಂದರೆ ಎಲ್ಲ ಮಕ್ಕಳ ಕಾಲಿಗೂ ಗಟ್ಟಿ ಕಪ್ಪು ಶೂ ಏರಿಸುವ ನಾವು ಇದನ್ನು ಒಂದು ಸಲ ಯೋಚಿಸಬೇಕು. ಅದು ಬೇರೆ ಕಥೆ.

ಶೂ ಅಂದರೆ ಒಂದು ಅಚ್ಚಿನ ಮೇಲೆ ಕಟ್ಟಿದ ವಸ್ತು. ಅಚ್ಚು ಯಾವ ಪಾದ ನೋಡಿ ಮಾಡಿದ್ದೋ ಶೂ ಆ ಪಾದದ್ದೇ. ನಮ್ಮ ಅಂಗಡಿಗಳಲ್ಲಿರುವ ನಂಬರುಗಳು ಬ್ರಿಟಿಷರ ಕಾಲದಿಂದ ಬಂದವು. ಇದು ನಮಗೆ ಹೊಂದುತ್ತದಾ ಅಂತ ದೇಶದ ಮಟ್ಟದಲ್ಲಿ ಅಳೆದು ನೋಡಿದ್ದು ಮೊನ್ನೆ ಮೊನ್ನೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಮೂರು ಆಯಾಮದ ಸ್ಕ್ಯಾನರ್‌ನಲ್ಲಿ ಅಳೆದರು. ಭಾರತೀಯರ ಪಾದ ಯುರೋಪ್, ಅಮೆರಿಕದವರ ಪಾದಕ್ಕಿಂತ ಅಗಲ ಅಂತ ಬಂತು. ಅಗಲ ಸಾಲದೆ ಜನ ತಮ್ಮ ಅಳತೆಗಿಂತ ಉದ್ದದ ಶೂ ಹಾಕುತ್ತಿದ್ದಾರೆ ಅನ್ನುವುದೂ ಬಂತು. ಅದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಅಂಗಡಿಯ ಹುಡುಗ ಹೇಳುವ “ಒಂದು ನಂಬರ್ ದೊಡ್ಡದು” ಇಡೀ ದೇಶದ ಕಾಯಿಲೆ ಅಂತಾಯ್ತು. ಈ ಸರ್ವೆಯ ಆಧಾರದ ಮೇಲೆ ಭಾರತದ್ದೇ ಒಂದು ಅಳತೆ ತರುವ ಪ್ರಸ್ತಾವ 2024ರಲ್ಲಿ ಸುದ್ದಿಯಾಯಿತು. ಹೆಸರು ‘ಭಾ’. ಮಗುವಿನಿಂದ ದೊಡ್ಡವರವರೆಗೆ ಒಟ್ಟು ಎಂಟು ಗುಂಪು. ನಾನಂತೂ ಕಾಯುತ್ತಿದ್ದೇನೆ. ಆದರೆ ಅದು ಮೊದಲು ಚಪ್ಪಲಿಗೆ, ಆಫೀಸ್ ಶೂಗೆ ಬರಬಹುದೇನೋ. ಬೆಟ್ಟ ಓಡುವವರ ಶೂಗೆ ಬರುವಷ್ಟರಲ್ಲಿ ನನ್ನ ಮಂಡಿ ಇರುತ್ತದೋ ಇಲ್ಲವೋ.

ಹೆಂಗಸರ ವಿಷಯದಲ್ಲಿ ಇನ್ನೊಂದು ಮಾತು. ಬಸುರಿನಲ್ಲಿ ಪಾದ ಬದಲಾಗುತ್ತದೆ. ಮೈಭಾರ ಏರುತ್ತದೆ, ಕೀಲುಗಳನ್ನು ಹಿಡಿದಿಡುವ ನಾರುಗಳು ಸಡಿಲವಾಗುತ್ತವೆ, ಪಾದದ ಕಮಾನು ಕೆಳಗಿಳಿಯುತ್ತದೆ. ಹೆರಿಗೆಯ ನಂತರ ಎಲ್ಲರಿಗೂ ಮೊದಲಿನಂತಾಗುವುದಿಲ್ಲ. ಮಗಳು ಹುಟ್ಟಿದ ಮೇಲೆ ನನ್ನ ಹಳೆಯ ಚಪ್ಪಲಿಗಳೆಲ್ಲ ತಂಗಿಯ ಪಾಲಾದವು. ಯಾವ ಅಂಗಡಿಯಲ್ಲೂ ಇದನ್ನು ಕೇಳುವುದಿಲ್ಲ. ಇಪ್ಪತ್ತರಲ್ಲಿ ಹಾಕುತ್ತಿದ್ದ ನಂಬರನ್ನೇ ನಲವತ್ತರಲ್ಲೂ ಬಾಯಿಪಾಠ ಒಪ್ಪಿಸುವವರು ನಮ್ಮಲ್ಲಿ ಬಹಳ ಜನ.

ಬಂಡೆಗೆ ಹಲ್ಲು ಬೇಡ

ಈಗ ನೆಲದ ವಿಷಯಕ್ಕೆ ಬರೋಣ. ಬೆಟ್ಟ, ಕಾಡಿನ ದಾರಿಯಲ್ಲಿ ಓಡುವ ಟ್ರೇಲ್ ಶೂ ಅಂದರೆ ಅಡಿಯಲ್ಲಿ ಉದ್ದುದ್ದ ಹಲ್ಲು ಇರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಜಾಹೀರಾತಿನಲ್ಲಿ ಕೆಸರು ಹಾರುತ್ತಿರುತ್ತದೆ. ನಮ್ಮ ಕಡೆ ಕೆಸರು ಎಲ್ಲಿದೆ? ವರ್ಷದಲ್ಲಿ ಮಳೆಗಾಲದ ಕೆಲವು ವಾರ ಬಿಟ್ಟರೆ ನಮ್ಮದು ಹಾಸುಬಂಡೆ, ಬಂಡೆಯ ಮೇಲೆ ಉದುರಿದ ಗರಸು, ಅಂಚಿನಲ್ಲಿ ಮುಳ್ಳು. ರಾಮನಗರದ ಕಡೆಯಿಂದ ಮಧುಗಿರಿ, ಪಾವಗಡದ ಕಡೆಗೆ ಉದ್ದಕ್ಕೆ ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿ ಇದು. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಹರಳುಗಳು ದಪ್ಪ. ಒಣಗಿದ್ದಾಗ ಆ ಒರಟು ಮೈ ರಬ್ಬರನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಬಿಸಿಲು ಮಳೆಗೆ ಕಲ್ಲು ಸವೆದು ಹರಳು ಹರಳಾಗಿ ಉದುರಿ ಗರಸಾಗುತ್ತದೆ. ಗಟ್ಟಿ ಬಂಡೆಯ ಮೇಲೆ ತೆಳ್ಳಗೆ ಹರಡಿದ ಆ ಗರಸು ಕಾಲಡಿ ಉರುಳಿದರೆ ಮಾತ್ರ ಯಾವ ಶೂ ಹಾಕಿದ್ದರೂ ಕೂತುಬಿಡಬೇಕಾಗುತ್ತದೆ.

ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಒಂದು ಮಾರ್ಚ್‌ನಲ್ಲಿ ನನ್ನ ಜೊತೆ ಮಧುಗಿರಿಗೆ ಬಂದ. ಹೊಸ ಶೂ, ಹತ್ತು ಸಾವಿರದ ಮೇಲೆ. ಅಡಿಯಲ್ಲಿ ಐದು ಮಿಲಿಮೀಟರಿನ ಚೂಪು ಹಲ್ಲು, ನೋಡುವುದಕ್ಕೆ ಭರ್ಜರಿ. ಹತ್ತುವಾಗ ನನಗಿಂತ ಎಷ್ಟೋ ಮುಂದಿದ್ದ. ಮಧುಗಿರಿ ಗೊತ್ತಿರುವವರಿಗೆ ಗೊತ್ತು, ಕೋಟೆಯ ಮೊದಲ ಬಾಗಿಲುಗಳು ದಾಟಿದ ಮೇಲೆ ಮೆಟ್ಟಿಲು ಅನ್ನುವುದು ಹೆಸರಿಗೆ ಮಾತ್ರ. ಬಂಡೆಯಲ್ಲಿ ಪಾದ ಇಡುವಷ್ಟು ಕೊರೆದಿರುವ ಗುರುತುಗಳು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಇಳಿಯುವಾಗ ಅವನು ನಿಂತ. ಹಲ್ಲುಗಳ ತುದಿ ಮಾತ್ರ ಬಂಡೆಗೆ ತಾಗುತ್ತಿತ್ತು, ಮಧ್ಯದ ಜಾಗವೆಲ್ಲ ಗಾಳಿ. ಕಾಲಿಟ್ಟ ಕಡೆ ಹಲ್ಲು ಬಾಗಿ ಶೂ ಅಲುಗಾಡುತ್ತಿತ್ತು. “ಚಿಕ್ಕಮ್ಮ, ನಿಮ್ಮದು ಹೆಂಗೆ ನಿಲ್ತಿದೆ? ಅದು ಸವೆದು ಹೋಗಿದೆಯಲ್ಲ!” ಅಂದ. ಸವೆದಿತ್ತು, ನಿಜ. ಹಲ್ಲು ಮೂರು ಮಿಲಿಮೀಟರೂ ಉಳಿದಿರಲಿಲ್ಲ. ಆದರೆ ರಬ್ಬರ್ ಮೆತ್ತಗಿತ್ತು, ಅಡಿಯ ಪೂರ್ತಿ ಅಗಲ ಬಂಡೆಗೆ ಕೂರುತ್ತಿತ್ತು. ಬಂಡೆಯಲ್ಲಿ ಹಿಡಿತ ಕೊಡುವುದು ತಾಗುವ ರಬ್ಬರ್, ಹಲ್ಲಿನ ಎತ್ತರ ಅಲ್ಲ. ಅವನು ಕಂಬಿ ಹಿಡಿದು, ಕೂತು, ಜರುಗಿಕೊಂಡು ಇಳಿದ. ಕೆಳಗೆ ಬಂದು ಶೂ ಬಿಚ್ಚಿದಾಗ ಇನ್ನೊಂದು ವಿಷಯ ಕಂಡಿತು. ಅವನ ಪಾದವೂ ನಮ್ಮ ಮನೆಯದೇ, ಮುಂದೆ ಅಗಲ. ಶೂ ಮಾತ್ರ ಸಪೂರ ಮೂತಿಯದು. ಎರಡೂ ಕಿರುಬೆರಳು ಕೆಂಪಗೆ ಬೇಯಿಸಿಟ್ಟಂತಾಗಿದ್ದವು. ಒಂದು ನಂಬರ್ ದೊಡ್ಡದೇ ತಗೊಂಡಿದ್ದನಂತೆ.

ಬೆಟ್ಟದ ಬುಡದಲ್ಲಿ ಮೇಕೆ ಮೇಯಿಸುತ್ತಿದ್ದ ಅಜ್ಜ ಒಬ್ಬರು ಇದನ್ನೆಲ್ಲ ನೋಡುತ್ತ ಕೂತಿದ್ದರು. ಅವರ ಕಾಲಲ್ಲಿ ಟೈರಿನ ಅಟ್ಟೆಯ ಎಕ್ಕಡ. ಬೆರಳುಗಳು ಅಂಚು ದಾಟಿ ನೆಲಕ್ಕೇ ತಾಗಿದ್ದವು. ಇಂಥವರನ್ನು ಕಂಡರೆ ಕೆಲವರಿಗೆ ಬರಿಗಾಲೇ ಶ್ರೇಷ್ಠ, ಶೂ ಎಲ್ಲ ಮೋಸ ಅಂತ ಬರೆಯುವ ಉತ್ಸಾಹ ಬರುತ್ತದೆ. ಅಕ್ಕನ ಮಗನಿಗೂ ಬಂತು. “ಅಜ್ಜ, ನಿಮ್ದೇ ಸರಿ ನೋಡಿ” ಅಂದ. ಅಜ್ಜ ಹಿಮ್ಮಡಿ ಎತ್ತಿ ತೋರಿಸಿದರು. ಬಿರುಕಿನ ಒಳಗೆ ಮಣ್ಣು ಕಪ್ಪಾಗಿ ಕೂತಿತ್ತು. “ಜಾಲಿ ಮುಳ್ಳು ಟೈರ್ ಬಿಟ್ಟು ಪಕ್ಕದಾಗೆ ಚುಚ್ತದೆ ಕಣಪ್ಪ. ನಿನ್ ಬೂಟು ನಂಗೆ ಆಗಾಂಗಿದ್ರೆ ಈಗ್ಲೇ ಬಿಚ್ಕೊಡು, ಹಾಕ್ಕಂತೀನಿ.” ಅದೂ ಅವರಿಗೆ ಆಗುತ್ತಿರಲಿಲ್ಲ. ಅವರ ಪಾದ ನಮ್ಮಿಬ್ಬರದ್ದಕ್ಕಿಂತ ಅಗಲ.

ಮುಳ್ಳಿನ ಮಾತು ಬಂತಲ್ಲ. ಗಾಳಿ ಆಡುವ ತೆಳು ಮೆಶ್ (ಶೂ ಮೇಲಿನ ಜಾಲರಿ ಬಟ್ಟೆ) ಬೇಸಿಗೆಗೆ ಒಳ್ಳೆಯದು ನಿಜ, ಆದರೆ ಕುರುಚಲು ಕಾಡಿನಲ್ಲಿ ಅದರೊಳಕ್ಕೆ ಉತ್ತರಾಣಿ ಬೀಜ, ಹುಲ್ಲಿನ ಊಬು ತೂರಿಕೊಳ್ಳುತ್ತವೆ. ಒಂದು ಊಬು ಸಾಕ್ಸಿನಲ್ಲಿ ಸಿಕ್ಕಿದರೆ ಅದನ್ನು ತೆಗೆಯುವವರೆಗೆ ಹೆಜ್ಜೆ ಇಡಲು ಬಿಡುವುದಿಲ್ಲ. ಒತ್ತಾದ ಮೆಶ್, ಮೂತಿಯ ಸುತ್ತ ರಬ್ಬರ್ ಅಂಚು ಇದ್ದರೆ ವಾಸಿ. ಅಡಿಯಲ್ಲಿ ರಾಕ್ ಪ್ಲೇಟ್ ಅಂತ ತೆಳು ಹಾಳೆ ಕೆಲವದರಲ್ಲಿ ಇರುತ್ತದೆ, ಚೂಪು ಕಲ್ಲು ಪಾದಕ್ಕೆ ಚುಚ್ಚದಂತೆ. ಮಿಡ್‌ಸೋಲ್ (ಅಟ್ಟೆಯ ಮೇಲಿನ ಮೆತ್ತನೆ ಪದರ) ತೆಳ್ಳಗಿದ್ದರೆ ಅದು ಬೇಕು, ದಪ್ಪಗಿದ್ದರೆ ಅಷ್ಟು ಅಗತ್ಯವಿಲ್ಲ. ನೀರು ಒಳಗೆ ಬರದ ಶೂ ನಮ್ಮ ಊರಿಗೆ ದಂಡ. ಒಳಗಿನ ಬೆವರೇ ಹೊರಗೆ ಹೋಗುವುದಿಲ್ಲ. ಮಳೆಗಾಲದಲ್ಲಿ ಬಂಡೆಗೆ ಪಾಚಿ ಕಟ್ಟಿದಾಗ ಯಾವ ರಬ್ಬರೂ ಕೆಲಸಕ್ಕೆ ಬರುವುದಿಲ್ಲ. ಆಗ ಬೆಟ್ಟಕ್ಕೆ ಹೋಗದಿರುವುದೇ ಜಾಣತನ. ನಾಮದ ಚಿಲುಮೆ ಕಡೆಯ ಕಾಡಿನಲ್ಲಾದರೆ ಚಿರತೆ ಕರಡಿಗಳ ಲೆಕ್ಕವೂ ಇದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ, ಬೆಳಕು ಹರಿಯದೆ ಒಳಗೆ ಹೋಗುವವರ ಶೂ ಬಗ್ಗೆ ನನಗೆ ಹೇಳಲು ಏನೂ ಇಲ್ಲ.

ರಬ್ಬರ್ ಬಗ್ಗೆ ಒಂದು ಹಳೆಯ ಕಥೆ. 1935ರಲ್ಲಿ ಇಟಲಿಯ ಆಲ್ಪ್ಸ್‌ನಲ್ಲಿ ಆರು ಜನ ಪರ್ವತಾರೋಹಿಗಳು ಹಿಮಬಿರುಗಾಳಿಗೆ ಸಿಕ್ಕಿ ಸತ್ತರು. ಆಗ ಮೊಳೆ ಹೊಡೆದ ಬೂಟು ಹಾಕಿ ಬೆಟ್ಟದ ಬುಡಕ್ಕೆ ಹೋಗಿ, ಬಂಡೆ ಹತ್ತಲು ತೆಳು ಅಟ್ಟೆಯ ಶೂಗೆ ಬದಲಾಯಿಸುತ್ತಿದ್ದರು. ಹಿಮ ಬಿದ್ದಾಗ ಆ ತೆಳು ಶೂ ಕೈಕೊಟ್ಟಿತು. ಅವರ ಜೊತೆಗಾರ ವಿತಾಲೆ ಬ್ರಮಾನಿ ಬಂಡೆಗೂ ಹಿಮಕ್ಕೂ ಆಗುವ ರಬ್ಬರ್ ಅಟ್ಟೆ ಮಾಡಲು ಹೊರಟ. ಅವನ ಹೆಸರಿನ ತುಂಡುಗಳಿಂದಲೇ ವಿಬ್ರಾಮ್ ಅಂತ ಕಂಪನಿ ಆಯಿತು. ಇವತ್ತು ಬೇರೆ ಬೇರೆ ಬ್ರಾಂಡಿನ ಟ್ರೇಲ್ ಶೂಗಳ ಅಡಿಯಲ್ಲಿ ಕಾಣುವ ಹಳದಿ ಗುರುತು ಅದೇ. ಅದರ ಮೆಗಾಗ್ರಿಪ್ ಅನ್ನುವ ರಬ್ಬರ್ ನಮ್ಮ ಬಂಡೆಗೆ ಚೆನ್ನಾಗಿ ಹೊಂದುತ್ತದೆ ಅನ್ನುವುದು ನನ್ನ ಅನುಭವ.

ಇಷ್ಟೆಲ್ಲ ಆದ ಮೇಲೆ ಯಾವುದು ಕೊಳ್ಳಬೇಕು? ಬೆರಳು ಹರಡಿರುವವರಿಗೆ ಆಲ್ಟ್ರಾ ಕಣ್ಣು ಮುಚ್ಚಿಕೊಂಡು ಹೇಳಬಹುದಾದ ಹೆಸರು. 2009ರಲ್ಲಿ ಅಮೆರಿಕದಲ್ಲಿ ಶುರುವಾದ ಕಂಪನಿ. ಮೂತಿ ಪಾದದ ಆಕಾರದಲ್ಲೇ ಇರುತ್ತದೆ. ಅವರ ಲೋನ್ ಪೀಕ್ ಬಹಳ ಜನಕ್ಕೆ ಗೊತ್ತು. ಆದರೆ ಅದರಲ್ಲಿ ಹಿಮ್ಮಡಿ ಮತ್ತು ಬೆರಳು ಒಂದೇ ಎತ್ತರದಲ್ಲಿ ಇರುತ್ತವೆ. ಮಾಮೂಲಿ ಓಟದ ಶೂನಲ್ಲಿ ಹಿಮ್ಮಡಿ ಎಂಟು ಹತ್ತು ಮಿಲಿಮೀಟರ್ ಮೇಲಿರುತ್ತದೆ. ಅಭ್ಯಾಸ ಇಲ್ಲದವರು ಮೊದಲ ದಿನವೇ ಬೆಟ್ಟ ಓಡಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. “ನಾವು ಮನೆಯಲ್ಲಿ ಬರಿಗಾಲಲ್ಲೇ ಇರೋದು, ನಮಗೇನೂ ಆಗಲ್ಲ” ಅನ್ನುವವರಿಗೆ ನಾನು ಹೇಳುವುದು ಇಷ್ಟೇ, ಅಡುಗೆಮನೆಯಲ್ಲಿ ನಿಲ್ಲುವುದು ಬೇರೆ, ಬಂಡೆ ಇಳಿಯುವುದು ಬೇರೆ. ಟೋಪೋ ಅನ್ನುವ ಕಂಪನಿಯದು ನಡುವಿನ ದಾರಿ. ಬೆರಳಿಗೆ ಜಾಗ, ಹಿಮ್ಮಡಿಗೆ ಬಿಗಿ, ಎತ್ತರದ ವ್ಯತ್ಯಾಸ ಹೆಚ್ಚಿನವುಗಳಲ್ಲಿ ಐದು ಮಿಲಿಮೀಟರ್ ಒಳಗೆ. ಗಿಣ್ಣಿನ ಹತ್ತಿರವೇ ಅಗಲ ಇರುವವರು ನ್ಯೂ ಬ್ಯಾಲೆನ್ಸ್‌ನ 2ಇ, 4ಇ ನೋಡಬೇಕು. ಹೋಕಾ ಸ್ಪೀಡ್‌ಗೋಟ್‌ನಲ್ಲೂ ವೈಡ್ ಬರುತ್ತದೆ, ಆದರೆ ಅದರ ವೈಡ್ ಕೂಡ ಬೆರಳ ತುದಿಯಲ್ಲಿ ನನಗೆ ಕಿರಿದು ಅನಿಸಿತು. ಸಾಲೊಮನ್ ಸಪೂರ ಪಾದದವರ ಸ್ವರ್ಗ, ನಮ್ಮ ದಾರಿ ಬೇರೆ. ಇವೆಲ್ಲ ದುಬಾರಿ, ಅಗಲದ ಜೋಡಿಗಳಂತೂ ಇಲ್ಲಿ ಸಿಗುವುದೇ ಅಪರೂಪ. ವಿದೇಶದಿಂದ ಬರುವ ನೆಂಟರ ಸೂಟ್‌ಕೇಸನ್ನೇ ನಂಬಿಕೊಂಡವರು ಜಾಸ್ತಿ. ಡೆಕಾಥ್ಲಾನ್‌ನಲ್ಲಿ ಕಡಿಮೆ ಬೆಲೆಗೆ ಟ್ರೇಲ್ ಶೂ ಸಿಗುತ್ತವೆ, ಇನ್‌ಸೋಲ್ ತೆಗೆದು ನಿಂತು ನೋಡುವುದಕ್ಕೂ ಅಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಶುರು ಮಾಡುವವರಿಗೆ ಅಷ್ಟು ಸಾಕು.

ಲೇಸಿನ ಮದ್ದು ಹೇಳುತ್ತೇನೆ ಅಂದಿದ್ದೆ. ಶೂ ಮೇಲ್ತುದಿಯಲ್ಲಿ ಹಿಂದಕ್ಕೆ ಸರಿದಂತೆ ಒಂದು ಹೆಚ್ಚುವರಿ ತೂತು ಇರುತ್ತದೆ. ಬಹಳ ಜನ ಅದನ್ನು ಸುಮ್ನೆ ಇದೆ ಅಂದುಕೊಂಡಿದ್ದಾರೆ. ಲೇಸನ್ನು ಅದೇ ಬದಿಯ ಆ ತೂತಿಗೆ ಹಾಕಿ ಎರಡೂ ಕಡೆ ಒಂದೊಂದು ಸಣ್ಣ ಕುಣಿಕೆ ಮಾಡಿ. ಆಮೇಲೆ ಬಲಗಡೆಯ ತುದಿಯನ್ನು ಎಡ ಕುಣಿಕೆಯಲ್ಲಿ, ಎಡಗಡೆಯದನ್ನು ಬಲ ಕುಣಿಕೆಯಲ್ಲಿ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಕಚ್ಚಿಕೊಂಡು ಕೂರುತ್ತದೆ, ಬೆರಳುಗಳ ಮೇಲೆ ಒತ್ತಡ ಬೀಳುವುದಿಲ್ಲ. ಗಂಡಸರ ಶೂ ಹಾಕುವ ಹೆಂಗಸರಿಗೆ ಇದು ಬೇಕೇಬೇಕು. ಮುಂದೆ ಇನ್ನೂ ಬಿಗಿ ಅನಿಸಿದರೆ ಬೆರಳ ಹತ್ತಿರದ ಮೊದಲ ಜೋಡಿ ತೂತನ್ನು ಬಿಟ್ಟು ಎರಡನೆಯದರಿಂದ ಲೇಸು ಪೋಣಿಸಿ. ಮೇಲ್ಭಾಗ ಎತ್ತರದವರು ಒತ್ತುವ ಜಾಗದಲ್ಲಿ ಲೇಸನ್ನು ಅಡ್ಡ ದಾಟಿಸದೆ ಅದೇ ಬದಿಯಲ್ಲಿ ನೇ‌ರ ಮೇಲಕ್ಕೆ ಒಯ್ಯಿರಿ. ದುಡ್ಡು ಖರ್ಚಿಲ್ಲ.

ನನ್ನ ಈಗಿನ ಜೋಡಿಯನ್ನು ಕಿರುಬೆರಳ ಪಕ್ಕ ಹರಿದಿದ್ದಕ್ಕೆ ಬಸ್ ಸ್ಟ್ಯಾಂಡ್ ಹತ್ತಿರ ಹೊಲಿಸಿದೆ. ಹೊಲಿಯುವ ಅಣ್ಣ ಜಾಗ ನೋಡಿಯೇ, “ಎಲ್ಲಾರ್ದೂ ಇಲ್ಲೇ ಹರಿಯೋದು ಅಕ್ಕಾ, ಸ್ಕೂಲ್ ಹುಡುಗ್ರುದ್ದೂ” ಅಂದ. ಒಳಗಿಂದ ರೆಕ್ಸಿನ್ ತುಂಡು ಕೊಟ್ಟು ಹೊಲಿದ. ಹೊಲಿಗೆ ಗಂಟು ಒಳಗೆ ಬರದಂತೆ ಹೊರಗೆ ಹಾಕು ಅಂತ ಹೇಳಿಸಿಕೊಳ್ಳದೆಯೇ ಹೊರಗೆ ಹಾಕಿದ. ಇನ್ನೊಂದು ಬೇಸಿಗೆ ಬಾಳಿಕೆ ಬರಬಹುದು. ಅಷ್ಟರಲ್ಲಿ ಹೊಸದಕ್ಕೆ ದುಡ್ಡು ಕೂಡಿಡುತ್ತಿದ್ದೇನೆ. ಟೋಪೋನೋ, ಗಂಡಸರ ನ್ಯೂ ಬ್ಯಾಲೆನ್ಸ್ 2ಇನೋ ತೀರ್ಮಾನ ಆಗಿಲ್ಲ. ತುಮಕೂರಿನಲ್ಲಿ ಯಾರ ಹತ್ತಿರವಾದರೂ ಆರು ನಂಬರಿನದು ಇದ್ದರೆ ಹೇಳಿ. ಒಂದು ಸಲ ಹಾಕಿ ನಿಂತು ನೋಡಿ ವಾಪಸ್ ಕೊಡುತ್ತೇನೆ. ಸಾಕ್ಸ್ ನಾನೇ ತರುತ್ತೇನೆ.